ಓಣಂ ರಜೆ, ದಸರಾ ರಜೆ ಮತ್ತು ನಡುವೆ ತಪ್ಪುವ ಪಾಠ

ಕಾಸರಗೋಡು ಜಿಲ್ಲೆಯ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಪಾಠದ ಭಾಷೆ ಕನ್ನಡವಾದರೂ ರಜೆಯ ಲೆಕ್ಕ ಕೇರಳದ್ದು. ಅದುವರೆಗೆ ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಕಾಸರಗೋಡು ತಾಲೂಕು 1956ರ ನವೆಂಬರ್ 1ರಂದು ಕೇರಳದ ಭಾಗವಾದ ಮೇಲೆ, ಇಲ್ಲಿನ ಶಾಲೆಗಳು ಜೂನ್ ಆರಂಭದಲ್ಲಿ ತೆರೆದು, ಓಣಂಗೆ ಸುಮಾರು ಹತ್ತು ದಿನ ಮತ್ತು ಕ್ರಿಸ್‌ಮಸ್‌ಗೆ ಸುಮಾರು ಹತ್ತು ದಿನ ಮುಚ್ಚಿ, ಮಾರ್ಚ್ ಕೊನೆಗೆ ವರ್ಷ ಮುಗಿಸುವ ಕ್ರಮಕ್ಕೆ ಒಗ್ಗಿಕೊಂಡಿವೆ. ತಲಪಾಡಿಯ ಗಡಿ ದಾಟಿದರೆ ಆಚೆಯ ಶಾಲೆಗಳಿಗೆ ನಡುವರ್ಷದ ದೊಡ್ಡ ರಜೆ ಸಿಗುವುದು ದಸರೆಗೆ. ಈಚೆಯ ಮಕ್ಕಳಿಗೆ ನವರಾತ್ರಿಯ ಕೊನೆಯ ಎರಡು ಮೂರು ದಿನಗಳಷ್ಟೇ ಬಿಡುವು. ಮಂಜೇಶ್ವರ, ಕುಂಬಳೆ, ಬದಿಯಡ್ಕ, ಮುಳ್ಳೇರಿಯಗಳ ಕನ್ನಡ ಕುಟುಂಬಗಳ ನೆಂಟಸ್ತಿಕೆಯೆಲ್ಲ ಪುತ್ತೂರು, ಮಂಗಳೂರು, ಮೈಸೂರು, ಬೆಂಗಳೂರುಗಳ ಕಡೆಗೇ ಹರಡಿಕೊಂಡಿರುವುದರಿಂದ, ಅಲ್ಲಿನ ದೊಡ್ಡಮ್ಮನ ಮಕ್ಕಳು, ಮಾವನ ಮಕ್ಕಳು ರಜೆಯಲ್ಲಿ ಊರೂರು ತಿರುಗುವ ಹೊತ್ತಿಗೆ ಇಲ್ಲಿನ ಮಕ್ಕಳು ತರಗತಿಯಲ್ಲಿ ಕುಳಿತಿರುತ್ತಾರೆ, ಇಲ್ಲವೇ ಶಾಲೆಗೆ ರಜೆ ಹಾಕಿ ಅವರ ಜೊತೆ ಹೊರಡುತ್ತಾರೆ.

ಎರಡೂ ಕಡೆಗೆ ಸಮಾನವಾಗಿ ರಜೆಯಿರುವ ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿಯೇ ಪ್ರವಾಸ ಮುಗಿಸಬಾರದೇ ಎಂಬ ಪ್ರಶ್ನೆ ಸಹಜ. ಆದರೆ ಆ ಎರಡು ತಿಂಗಳುಗಳು ಈ ನಾಡಿನಲ್ಲಿ ಮದುವೆ, ಉಪನಯನ, ಗೃಹಪ್ರವೇಶ, ಬ್ರಹ್ಮಕಲಶ, ಕೋಲ ಮತ್ತು ನೇಮಗಳಿಗೆ ಮೀಸಲಾಗಿದ್ದು, ದಿನಕ್ಕೆ ಎರಡು ಊಟದ ಮನೆಗಳಿಗೆ ಹೋಗಿ ಬರುವುದರಲ್ಲಿಯೇ ರಜೆ ಕರಗುತ್ತದೆ. ಜಿಲ್ಲೆಯ ಇನ್ನೊಂದು ದೊಡ್ಡ ವರ್ಗವಾದ ಕೊಲ್ಲಿ ಉದ್ಯೋಗಿಗಳ ಮನೆಗಳಲ್ಲಿ ತೊಡಕು ಬೇರೆ ಬಗೆಯದು. ಸಂಯುಕ್ತ ಅರಬ್ ಸಂಸ್ಥಾನದಂಥ ದೇಶಗಳಲ್ಲಿ ಬೇಸಿಗೆ ರಜೆ ಜುಲೈ ಮತ್ತು ಆಗಸ್ಟ್ ತಿಂಗಳುಗಳಲ್ಲಿ ಬರುವುದರಿಂದ, ಅಲ್ಲಿ ನೆಲೆಸಿದ ಕುಟುಂಬಗಳು ಊರಿಗೆ ಬರುವುದೂ, ಒಡಹುಟ್ಟಿದವರೆಲ್ಲ ಒಟ್ಟುಗೂಡಿ ಎಲ್ಲಿಗಾದರೂ ಹೋಗಿಬರುವುದೂ ಕೇರಳದ ಶಾಲೆಗಳಲ್ಲಿ ಮೊದಲ ಅವಧಿಯ ಪಾಠ ಭರದಿಂದ ಸಾಗುತ್ತಿರುವ ದಿನಗಳಲ್ಲಿಯೇ. ಹೀಗಾಗಿ ಶಾಲೆ ತಪ್ಪಿಸಿ ಪ್ರವಾಸ ಹೋಗುವುದನ್ನು ಇಲ್ಲಿ ಹೆತ್ತವರ ಉಡಾಫೆ ಎಂದು ತಳ್ಳಿಹಾಕುವಂತಿಲ್ಲ. ಎರಡು ರಾಜ್ಯಗಳ, ಕೆಲವೊಮ್ಮೆ ಎರಡು ದೇಶಗಳ ರಜೆಯ ಲೆಕ್ಕಗಳ ನಡುವೆ ಬಾಳುವ ಕುಟುಂಬಗಳಿಗೆ ಅದು ಮತ್ತೆ ಮತ್ತೆ ಎದುರಾಗುವ ಇಕ್ಕಟ್ಟು.

ತಪ್ಪುವ ದಿನಗಳ ಬೆಲೆಯೆಷ್ಟೆಂಬುದನ್ನು ಮೊದಲು ಅರಿತಿರಬೇಕು. 2009ರ ಶಿಕ್ಷಣ ಹಕ್ಕು ಕಾಯ್ದೆಯು ಒಂದರಿಂದ ಐದನೆಯ ತರಗತಿಯವರೆಗೆ ವರ್ಷಕ್ಕೆ ಕನಿಷ್ಠ 200 ಕೆಲಸದ ದಿನಗಳನ್ನೂ 800 ಬೋಧನಾ ಗಂಟೆಗಳನ್ನೂ, ಆರರಿಂದ ಎಂಟನೆಯ ತರಗತಿಯವರೆಗೆ 220 ದಿನಗಳನ್ನೂ 1000 ಗಂಟೆಗಳನ್ನೂ ವಿಧಿಸಿದೆ. ಇದರಂತೆ ನಾಲ್ಕನೆಯ ತರಗತಿಯ ಮಗು ಹತ್ತು ದಿನ ತಪ್ಪಿಸಿಕೊಂಡರೆ ವರ್ಷದ ಬೋಧನೆಯಲ್ಲಿ ಇಪ್ಪತ್ತನೆಯ ಒಂದು ಪಾಲನ್ನು ಕಳೆದುಕೊಳ್ಳುತ್ತದೆ. ಮಳೆಗಾಲದಲ್ಲಿ ಜಿಲ್ಲಾಧಿಕಾರಿಗಳು ಘೋಷಿಸುವ ರಜೆಗಳು, ಜ್ವರ ನೆಗಡಿಗಳು ಇದರ ಮೇಲೆ ಬೇರೆ.

ಕೆಲವು ದೇಶಗಳು ಈ ವಿಷಯದಲ್ಲಿ ಕಠಿಣ ನಿಲುವು ತಳೆದಿವೆ. ಇಂಗ್ಲೆಂಡಿನಲ್ಲಿ 2013ರಿಂದ ಶಾಲೆಯ ಮುಖ್ಯಸ್ಥರು ಅಸಾಧಾರಣ ಸಂದರ್ಭಗಳಲ್ಲಿ ಮಾತ್ರ ಇಂಥ ರಜೆ ಮಂಜೂರು ಮಾಡಬಹುದು. ತನ್ನ ಮಗಳನ್ನು ಏಳು ದಿನಗಳ ಮಟ್ಟಿಗೆ ಅಮೆರಿಕದ ಫ್ಲಾರಿಡಾಕ್ಕೆ ಕರೆದೊಯ್ದ ತಂದೆಯೊಬ್ಬನು ದಂಡ ಕಟ್ಟಲು ಒಪ್ಪದೆ ನ್ಯಾಯಾಲಯಕ್ಕೆ ಹೋದಾಗ, ಆಕೆಯ ಒಟ್ಟು ಹಾಜರಿ ಚೆನ್ನಾಗಿಯೇ ಇದ್ದರೂ, ಅಲ್ಲಿನ ಸುಪ್ರೀಂ ಕೋರ್ಟ್ 2017ರ ಏಪ್ರಿಲ್ 6ರಂದು ಅವನ ವಿರುದ್ಧವೇ ತೀರ್ಪಿತ್ತಿತು. ಅನುಮತಿಯಿಲ್ಲದ ಗೈರುಹಾಜರಿಯಿಂದ ಆ ಮಗುವಿನ ಕಲಿಕೆಯಷ್ಟೇ ಅಲ್ಲದೆ ಶಿಕ್ಷಕರ ಕೆಲಸವೂ ಉಳಿದ ಮಕ್ಕಳ ಕಲಿಕೆಯೂ ಕೆಡುತ್ತವೆ ಎಂಬುದು ತೀರ್ಪಿನ ಹಿಂದಿದ್ದ ಮುಖ್ಯ ವಿಚಾರಗಳಲ್ಲಿ ಒಂದು. ಜರ್ಮನಿಯ ಬವೇರಿಯಾ ಪ್ರಾಂತದಲ್ಲಿ 2018ರಲ್ಲಿ ರಜೆ ಆರಂಭವಾಗುವ ಮುನ್ನವೇ ಮಕ್ಕಳೊಂದಿಗೆ ಹೊರಟಿದ್ದ ಕುಟುಂಬಗಳನ್ನು ಪೊಲೀಸರು ವಿಮಾನ ನಿಲ್ದಾಣದಲ್ಲಿಯೇ ತಡೆದು ವಿಚಾರಿಸಿದ್ದರು. ಕಾಸರಗೋಡಿನಂಥ ಊರಿಗೆ ದಂಡದ ದಾರಿ ಒಗ್ಗುವುದಿಲ್ಲ, ಒಗ್ಗಬೇಕಾಗಿಯೂ ಇಲ್ಲ. ಆದರೆ ಬ್ರಿಟಿಷ್ ನ್ಯಾಯಾಲಯ ಎತ್ತಿದ ವಿಚಾರ ಇಲ್ಲಿಗೂ ಸಲ್ಲುತ್ತದೆ. ತರಗತಿಗೆ ಹತ್ತು ಹದಿನೈದು ಮಕ್ಕಳಿರುವ ಸಣ್ಣ ಶಾಲೆಯಲ್ಲಿ ಮೂವರು ಒಮ್ಮೆಗೇ ಗೈರಾದರೆ ಅಧ್ಯಾಪಕಿ ಹೊಸ ಪಾಠ ಆರಂಭಿಸಬೇಕೇ ಬೇಡವೇ ಎಂಬ ಗೊಂದಲಕ್ಕೆ ಬೀಳುವುದು ಖಂಡಿತ.

ಮಕ್ಕಳಿಗೆ ರಜೆ ಹಾಕಿಸಿ ಹೊರಡುವ ಹೆತ್ತವರು ಪ್ರವಾಸವೂ ಒಂದು ಪಾಠವೇ ಎಂದು ಸಮಾಧಾನ ಹೇಳಿಕೊಳ್ಳುವುದುಂಟು. ಈ ಮಾತು ತನ್ನಷ್ಟಕ್ಕೇ ನಿಜವಾಗುವುದಿಲ್ಲ. ಅನುಭವದಿಂದ ಕಲಿಯಬೇಕೆಂದು ಜೀವನಪೂರ್ತಿ ವಾದಿಸಿದ ಅಮೆರಿಕದ ಶಿಕ್ಷಣ ಚಿಂತಕ ಜಾನ್ ಡ್ಯೂಯಿ 1938ರಲ್ಲಿ ಪ್ರಕಟಿಸಿದ ‘ಅನುಭವ ಮತ್ತು ಶಿಕ್ಷಣ’ ಎಂಬ ಪುಸ್ತಕದಲ್ಲಿಯೇ, ಎಲ್ಲ ಅನುಭವವೂ ಶಿಕ್ಷಣವಾಗುವುದಿಲ್ಲ, ಮುಂದಿನ ಕಲಿಕೆಗೆ ದಾರಿ ತೆರೆಯದ ಅನುಭವ ಕಲಿಕೆಯನ್ನು ಮೊಂಡಾಗಿಸಲೂಬಹುದು ಎಂದು ಎಚ್ಚರಿಸಿದ್ದನು. ಐದು ದಿನಗಳಲ್ಲಿ ಹನ್ನೆರಡು ಸ್ಥಳಗಳನ್ನು ವಾಹನದಿಂದ ಇಳಿದು ಹತ್ತಿ ಮುಗಿಸಿ, ಪ್ರತಿಯೊಂದರ ಮುಂದೆ ನಿಂತು ಫೋಟೊ ತೆಗೆಸಿಕೊಂಡ ಮಗುವಿಗೆ ಆ ಸ್ಥಳಗಳ ಹೆಸರುಗಳೂ ಒಂದು ತಿಂಗಳ ಬಳಿಕ ನೆನಪಿರುವುದಿಲ್ಲ. ಪ್ರವಾಸ ಪಾಠವಾಗಬೇಕಾದರೆ ಮಗುವಿಗೆ ಅದರಲ್ಲಿ ಮಾಡಲು ಒಂದು ಕೆಲಸವಿರಬೇಕು. ಅಳೆಯುವ, ಕೇಳುವ, ಹೋಲಿಸುವ, ಚಿತ್ರಿಸುವ ಕೆಲಸ. ಆ ಕೆಲಸ ಊರಿನಲ್ಲಿ ಈಗಾಗಲೇ ಕಂಡ ಯಾವುದೋ ಒಂದರ ಮುಂದುವರಿಕೆಯಾಗಿದ್ದರೆ ಇನ್ನೂ ಒಳ್ಳೆಯದು. ಕಾಸರಗೋಡಿನ ಮಟ್ಟಿಗೆ ಇದು ಕಷ್ಟವೇನಲ್ಲ, ಏಕೆಂದರೆ ಇಲ್ಲಿನ ನೆಲದಲ್ಲಿಯೇ ದೂರದ ಊರುಗಳಿಗೆ ಕರೆದೊಯ್ಯುವ ಎಳೆಗಳು ಹೇರಳವಾಗಿವೆ.

ಬೇಕಲ ಕೋಟೆಯನ್ನು ತೆಗೆದುಕೊಳ್ಳಬಹುದು. ಸುಮಾರು 40 ಎಕರೆಯಷ್ಟು ಹರಡಿರುವ, ಕೇರಳದಲ್ಲಿಯೇ ಅತಿ ದೊಡ್ಡದೆನಿಸಿದ ಈ ಕೋಟೆಯನ್ನು 17ನೆಯ ಶತಮಾನದ ನಡುಭಾಗದಲ್ಲಿ ಕಟ್ಟಿಸಿದವನು ಕೆಳದಿಯ ಶಿವಪ್ಪ ನಾಯಕ. ಅರಮನೆಯ ಕುರುಹುಗಳು ಕಾಣದ, ಕೇವಲ ಕಾವಲು ಮತ್ತು ಕಾಳಗಕ್ಕಾಗಿ ರೂಪುಗೊಂಡ ಈ ಕೋಟೆಯ ಹೊರಗೋಡೆಯಲ್ಲಿ ಬಂದೂಕು ಹೊರಚಾಚಲು ಬಿಟ್ಟ ಕಿಂಡಿಗಳಿವೆ. ಜಿಲ್ಲೆಯ ಬಹುತೇಕ ಮಕ್ಕಳು ಇವುಗಳಲ್ಲಿ ಇಣುಕಿ ಕಡಲು ನೋಡಿದ್ದಾರೆ, ಆದರೆ ಕಿಂಡಿಗಳೆಲ್ಲ ಒಂದೇ ಬಗೆಯವಲ್ಲ ಎಂಬುದನ್ನು ಗಮನಿಸಿದವರು ಕಡಿಮೆ. ಮೇಲಿನ ಕಿಂಡಿಯಲ್ಲಿ ಕಣ್ಣಿಟ್ಟರೆ ದೂರದ ನೀರು ಕಾಣುತ್ತದೆ. ಅದರ ಕೆಳಗಿನದರಲ್ಲಿ ಹತ್ತಿರದ ಅಲೆ. ಎಲ್ಲಕ್ಕಿಂತ ಕೆಳಗಿನದು ಕೋಟೆಯ ಬುಡಕ್ಕೇ ಬಂದ ಶತ್ರುವಿಗಾಗಿ ಇಳಿಜಾರಾಗಿ ಕೊರೆದದ್ದು. ಪ್ರತಿ ಕಿಂಡಿಗೂ ಅದರದೇ ಕೋನ. ಐದನೆಯ ತರಗತಿಯ ಮಗು ಒಂದು ಕೋಲನ್ನು ಕಿಂಡಿಯ ಇಳಿಜಾರಿಗೆ ಒರಗಿಸಿಟ್ಟು ಕೋನಮಾಪಕದಿಂದ ಅದನ್ನು ಅಳೆಯಬಹುದು. ಹತ್ತನೆಯ ತರಗತಿಯ ಹುಡುಗಿ ಗೋಡೆಯ ಎತ್ತರವನ್ನೂ ಆ ಕೋನವನ್ನೂ ಇಟ್ಟುಕೊಂಡು, ತ್ರಿಕೋನಮಿತಿಯ ನೆರವಿನಿಂದ, ಗುಂಡು ಎಷ್ಟು ದೂರದ ನೆಲಕ್ಕೆ ಗುರಿಯಿಟ್ಟಿತ್ತೆಂದು ಲೆಕ್ಕ ಹಾಕಬಹುದು. ಗೋಡೆಯ ಕಲ್ಲು ಕೂಡ ಪಾಠವೇ. ಇದು ಕರಾವಳಿಯವರಿಗೆ ಚಿರಪರಿಚಿತವಾದ ಮುರಕಲ್ಲು. ನೆಲದಡಿ ಇರುವಾಗ ಮೆತ್ತಗಿದ್ದು ಕಡಿಯಲು ಸಿಗುವ, ಗಾಳಿ ಬಿಸಿಲಿಗೆ ಒಡ್ಡಿದ ಮೇಲೆ ಗಟ್ಟಿಯಾಗುವ, ಕಬ್ಬಿಣದ ಅಂಶದಿಂದ ಕೆಂಪಾದ ಶಿಲೆ. 1800–01ರಲ್ಲಿ ಮೈಸೂರು, ಕೆನರಾ ಮತ್ತು ಮಲಬಾರ್ ಸೀಮೆಗಳನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್, ಈಗಿನ ಮಲಪ್ಪುರಂ ಜಿಲ್ಲೆಯ ಅಂಗಾಡಿಪುರದಲ್ಲಿ ಕಂಡ ಈ ಕಲ್ಲಿಗೆ 1807ರ ತನ್ನ ಗ್ರಂಥದಲ್ಲಿ ಲ್ಯಾಟರೈಟ್ ಎಂಬ ಹೆಸರಿತ್ತನು. ಭೂವಿಜ್ಞಾನದಲ್ಲಿ ಜಗತ್ತಿನಾದ್ಯಂತ ಇಂದಿಗೂ ಅದೇ ಹೆಸರು ನಡೆಯುತ್ತಿದೆ.

ಬೇಕಲದಲ್ಲಿ ಹುಟ್ಟುವ ಪ್ರಶ್ನೆ ಇಷ್ಟೇ: ಮಲೆನಾಡಿನ ಅರಸನೊಬ್ಬ ಇಷ್ಟು ದೂರದ ಕಡಲಂಚಿಗೆ ಬಂದು ಕೋಟೆ ಕಟ್ಟಿದ್ದೇಕೆ? ಈ ಪ್ರಶ್ನೆಯನ್ನು ಹೊತ್ತು ಹೊರಡುವ ದಸರೆಯ ಪ್ರವಾಸಕ್ಕೆ ಬೇರೆಯೇ ಕಳೆಯಿರುತ್ತದೆ. ಮಂಗಳೂರು, ಉಡುಪಿ, ಕುಂದಾಪುರಗಳನ್ನು ಹಾದು ಹುಲಿಕಲ್ ಘಾಟಿ ಹತ್ತಿದರೆ ಹೊಸನಗರ ತಾಲೂಕಿನ ನಗರ ಸಿಗುತ್ತದೆ. ಅದೇ ಹಿಂದಿನ ಬಿದನೂರು, ಕೆಳದಿ ಅರಸರ ಕೊನೆಯ ರಾಜಧಾನಿ. ಅಲ್ಲಿನ ಕೋಟೆಯನ್ನೂ, ಸಮೀಪದಲ್ಲಿಯೇ ಸಹಜ ಊಟೆಯ ನೀರಿನಿಂದ ತುಂಬುವ ದೇವಗಂಗೆಯ ಕೊಳಗಳನ್ನೂ ನೋಡಿ, ಸಾಗರದ ಕಡೆಗೆ ಸಾಗಿದರೆ ಇಕ್ಕೇರಿಯ ಅಘೋರೇಶ್ವರ ದೇವಾಲಯ, ಕೆಳದಿಯ ರಾಮೇಶ್ವರ ದೇವಾಲಯ ಮತ್ತು ಅಲ್ಲಿನ ವಸ್ತುಸಂಗ್ರಹಾಲಯ. ಘಟ್ಟದ ಮೇಲಿನ ಕಾಳುಮೆಣಸು, ಅಕ್ಕಿಗಳು ಇಳಿದು ಬರುತ್ತಿದ್ದುದು ಕರಾವಳಿಯ ಬಂದರುಗಳಿಗೆ, ಪೋರ್ಚುಗೀಸರೊಡನೆ ಪೈಪೋಟಿ ನಡೆದದ್ದು ಆ ಬಂದರುಗಳಿಗಾಗಿ ಎಂಬುದು ದಾರಿಯುದ್ದಕ್ಕೂ ಇಳಿಜಾರು, ನದಿ ಮತ್ತು ತೋಟಗಳನ್ನು ನೋಡುತ್ತ ಬಂದ ಮಗುವಿಗೆ ಬಾಯಿಪಾಠ ಮಾಡದೆಯೇ ಹೊಳೆಯುತ್ತದೆ. ಕೋಟೆಯ ಕಥೆ ಮಾತ್ರ ಸಾಲದು; ಶಿವಪ್ಪ ನಾಯಕನ ‘ಶಿಸ್ತು’ ಎಂದು ಹೆಸರಾದ ಕಂದಾಯ ವ್ಯವಸ್ಥೆಯನ್ನೂ ಇಲ್ಲಿ ಪರಿಚಯಿಸಬೇಕು. ಭೂಮಿಯನ್ನು ಫಲವತ್ತತೆಗೆ ತಕ್ಕಂತೆ ವರ್ಗೀಕರಿಸಿ, ಹಲವು ವರ್ಷಗಳ ಇಳುವರಿಯನ್ನು ಪರಿಗಣಿಸಿ, ಉತ್ಪನ್ನದ ಮೂರನೆಯ ಒಂದು ಪಾಲನ್ನು ರಾಜ್ಯದ ಸಲುವಳಿಯಾಗಿ ನಿಗದಿ ಮಾಡುವುದು ಅದರ ತಿರುಳು. ಸರಾಸರಿ ಮತ್ತು ಭಿನ್ನರಾಶಿಗಳನ್ನು ಕಲಿಯುತ್ತಿರುವ ಆರನೆಯ ತರಗತಿಯ ಮಗುವಿಗೆ, ತನ್ನ ಅಜ್ಜನ ತೋಟದ ಐದು ವರ್ಷಗಳ ಅಡಕೆ ಇಳುವರಿಯನ್ನು ಕೇಳಿ ತಿಳಿದು ಅದೇ ಲೆಕ್ಕವನ್ನು ಮಾಡಿ ನೋಡುವ ಕೆಲಸ ಕೊಟ್ಟರೆ, ಇತಿಹಾಸ ಮತ್ತು ಗಣಿತಗಳು ಒಂದೇ ಹಾಳೆಯಲ್ಲಿ ಕೂಡುತ್ತವೆ. 1763ರಲ್ಲಿ ಹೈದರಾಲಿ ಬಿದನೂರನ್ನು ವಶಪಡಿಸಿಕೊಂಡ ಮೇಲೆ ಬೇಕಲವೂ ಮೈಸೂರಿನ ಕೈಸೇರಿತು. ಹಾಗಾಗಿ ಮೈಸೂರು, ಶ್ರೀರಂಗಪಟ್ಟಣಗಳಿಗೆ ಹೋಗುವವರಿಗೂ ಎಳೆ ತಪ್ಪುವುದಿಲ್ಲ. ಕೇರಳದ ಪಠ್ಯಪುಸ್ತಕ ಇಡೀ ರಾಜ್ಯಕ್ಕೆ ಒಂದೇ ಆಗಿರುವುದರಿಂದ ಈ ಸ್ಥಳೀಯ ಚರಿತ್ರೆಗೆ ಅದರಲ್ಲಿ ಸಿಗುವ ಜಾಗ ಸೀಮಿತ. ಅದನ್ನು ತುಂಬಿಕೊಡುವ ಹೊಣೆ ಮನೆ ಮತ್ತು ಸ್ಥಳೀಯ ಶಾಲೆಗಳದೇ.

ಕೊಲ್ಲಿಗೆ ಹೋಗಿಬರುವ ಮಕ್ಕಳಿಗೆ ಇದಕ್ಕಿಂತಲೂ ಸೊಗಸಾದ ಎಳೆಯೊಂದಿದೆ, ಅದು ನೀರಿನದು. ಎಣ್ಮಕಜೆ, ಬಾಯಾರು, ಪೈವಳಿಕೆ ಮೊದಲಾದ ಕಡೆಗಳಲ್ಲಿಯೂ, ಗಡಿಯಾಚೆ ಬಂಟ್ವಾಳ ತಾಲೂಕಿನ ಮಾಣಿಲದಂಥ ಗ್ರಾಮಗಳಲ್ಲಿಯೂ ಗುಡ್ಡದ ಬದಿಯಿಂದ ಒಳಕ್ಕೆ ಅಡ್ಡಲಾಗಿ ಕೊರೆದ ಸುರಂಗಗಳು ತಲೆಮಾರುಗಳಿಂದ ಮನೆ ಮತ್ತು ತೋಟಗಳಿಗೆ ನೀರು ಕೊಡುತ್ತಿವೆ. ಬಾವಿ ಲಂಬವಾದ ಅಗೆತವಾದರೆ ಸುರಂಗ ಅಡ್ಡದ ಅಗೆತ. ಒಬ್ಬ ಮನುಷ್ಯ ಬಗ್ಗಿ ಅಥವಾ ನೇರವಾಗಿ ನಿಂತು ಹೋಗುವಷ್ಟೇ ಅಗಲ ಎತ್ತರ. ಉದ್ದ ಕೆಲವೇ ಮೀಟರುಗಳಿಂದ ಹಿಡಿದು 300 ಮೀಟರುಗಳಷ್ಟಾದರೂ ಇರಬಹುದು. ಒಬ್ಬನು ಪಿಕ್ಕಾಸಿನಿಂದ ಮುರಕಲ್ಲು ಕಡಿಯುತ್ತ ಮುಂದೆ ಸಾಗುತ್ತಾನೆ, ಇನ್ನೊಬ್ಬನು ಮಣ್ಣನ್ನು ಬುಟ್ಟಿಯಲ್ಲಿ ತುಂಬಿ ಹೊರಗೆ ಹಾಕುತ್ತಾನೆ. ಬೆಳಕಿಗೆಂದು ಉರಿಸುವ ಮೇಣದಬತ್ತಿಯೇ ಪ್ರಾಣವಾಯುವಿನ ಅಳತೆಗೋಲು. ಅದರ ಕುಡಿ ಕುಗ್ಗಿತೆಂದರೆ ಕೆಲಸ ನಿಲ್ಲಿಸಿ ಹೊರಬರಬೇಕು. ಗೋಡೆಯಲ್ಲಿ ತೇವ ಕಂಡು, ಒಸರು ಹನಿಯಾಗಿ, ಹನಿ ಧಾರೆಯಾದ ಮೇಲೆ ನೀರು ತಾನಾಗಿಯೇ ಬಾಯಿಯವರೆಗೆ ಹರಿದು, ಅಲ್ಲಿಂದ ಅಡಕೆ ಮರದ ದಂಬೆಯಲ್ಲೋ ಈಚಿನ ದಿನಗಳಲ್ಲಿ ಪೈಪಿನಲ್ಲೋ ಮಣ್ಣಿನ ಟಾಂಕಿಗೆ ಬೀಳುತ್ತದೆ. ವಿದ್ಯುತ್ತಿನ ಹಂಗಿಲ್ಲ, ಪಂಪು ಬೇಡ. ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ ಬೀಳುವ ಜಿಲ್ಲೆಯಲ್ಲಿ ಇಂಥ ಸಾಹಸವೇಕೆ ಬೇಕಾಯಿತು ಎಂಬುದೇ ಒಳ್ಳೆಯ ಭೂಗೋಳದ ಪ್ರಶ್ನೆ; ಮಳೆಯ ಬಹುಪಾಲು ನಾಲ್ಕು ತಿಂಗಳಲ್ಲಿ ಸುರಿದು ಇಳಿಜಾರಿನಲ್ಲಿ ಕಡಲು ಸೇರುವುದು, ಮುರಕಲ್ಲಿನ ಗುಡ್ಡ ಅದರಲ್ಲೊಂದಷ್ಟನ್ನು ಹೀರಿ ಒಳಗೆ ಹಿಡಿದಿಡುವುದು, ಗುಡ್ಡದ ನೆತ್ತಿಯಲ್ಲಿ ಬಾವಿ ತೋಡಿದರೆ ನೀರು ತೀರಾ ಆಳದಲ್ಲಿ ಸಿಗುವುದು ಇದಕ್ಕೆ ಉತ್ತರ. ‘ಅಡಿಕೆ ಪತ್ರಿಕೆ’ಯ ಶ್ರೀ ಪಡ್ರೆ ಅವರು ಈ ಜಲಮೂಲಗಳ ಬಗ್ಗೆ ಬರೆದಿರುವ ಲೇಖನಗಳು ಕನ್ನಡದಲ್ಲಿಯೇ ಓದಲು ಸಿಗುವುದು ಈ ಮಕ್ಕಳ ಭಾಗ್ಯ.

ಇದೇ ಮಗು ಜುಲೈಯಲ್ಲಿ ತಂದೆಯಿರುವ ಅಬುಧಾಬಿಗೋ ಮಸ್ಕತ್ತಿಗೋ ಹೋದರೆ, ಎತ್ತರದ ಕಟ್ಟಡಗಳ ಜೊತೆಗೆ ನೋಡಬೇಕಾದದ್ದು ಫಲಜ್. ದೂರದ ಬೆಟ್ಟದ ಬುಡದ ಅಂತರ್ಜಲವನ್ನು ನೆಲದೊಳಗಿನ ಕಾಲುವೆಯ ಮೂಲಕ, ಕೇವಲ ಇಳಿಜಾರಿನ ಬಲದಿಂದ, ಖರ್ಜೂರದ ತೋಟಕ್ಕೆ ತರುವ ಪ್ರಾಚೀನ ವ್ಯವಸ್ಥೆಯಿದು; ಇರಾನಿನಲ್ಲಿ ಇದನ್ನೇ ಕನಾತ್ ಎನ್ನುತ್ತಾರೆ. ಒಮಾನಿನ ಐದು ಫಲಜ್‌ಗಳನ್ನು ಯುನೆಸ್ಕೊ 2006ರಲ್ಲಿಯೂ, ಅಬುಧಾಬಿಗೆ ಸೇರಿದ ಅಲ್ ಐನ್‌ನ ಓಯಸಿಸ್‌ಗಳನ್ನು 2011ರಲ್ಲಿಯೂ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದೆ. ಕಾಸರಗೋಡಿನ ಸುರಂಗ ಅರಬ್ ವ್ಯಾಪಾರಿಗಳ ಸಂಪರ್ಕದಿಂದ ಬಂದ ವಿದ್ಯೆಯೋ ಇಲ್ಲಿಯೇ ಹುಟ್ಟಿದ್ದೋ ಎಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಎರಡನ್ನೂ ಕಣ್ಣಾರೆ ಕಂಡು ಹೋಲಿಸುವ ಅವಕಾಶ ಸಿಗುವುದು ವಿರಳ, ಮತ್ತು ಆ ಅವಕಾಶ ಈ ಜಿಲ್ಲೆಯ ಸಾವಿರಾರು ಮಕ್ಕಳಿಗೆ ಕುಟುಂಬದ ಕಾರಣದಿಂದಲೇ ಒದಗಿದೆ. ಫಲಜ್‌ನ ದಾರಿಯುದ್ದಕ್ಕೂ ಗಾಳಿಗಾಗಿ ಮತ್ತು ಮಣ್ಣು ತೆಗೆಯಲಿಕ್ಕಾಗಿ ಲಂಬ ಬಾವಿಗಳ ಸಾಲಿರುವುದು, ಇಲ್ಲಿನ ಗಿಡ್ಡ ಸುರಂಗಗಳಿಗೆ ಸಾಮಾನ್ಯವಾಗಿ ಅವು ಬೇಕಾಗದಿರುವುದು. ಅಲ್ಲಿ ನೀರು ಊರಿನವರೆಲ್ಲರ ಸೊತ್ತಾಗಿದ್ದು ಹಿಂದೆ ನೆರಳುಗಡಿಯಾರದ ನೆರವಿನಿಂದ ಹೊತ್ತಿನ ಲೆಕ್ಕದಲ್ಲಿ ಹಂಚಿಕೆಯಾಗುತ್ತಿದ್ದುದು, ಇಲ್ಲಿ ಸುರಂಗ ಹೆಚ್ಚಾಗಿ ಆಯಾ ಮನೆಯದೇ ಆಗಿರುವುದು. ಇವೆಲ್ಲ ಏಳನೆಯ ತರಗತಿಯ ಮಗು ತಾನೇ ಗುರುತಿಸಬಲ್ಲ ವ್ಯತ್ಯಾಸಗಳು. ಊರಿನಲ್ಲಿ ಸುರಂಗ ನೋಡದೆ ಅಲ್ಲಿಗೆ ಹೋದ ಮಗುವಿಗೆ ಫಲಜ್ ಬರೀ ಚರಂಡಿಯಂತೆ ಕಂಡೀತು. ಆದ್ದರಿಂದ ದೂರದ ಪ್ರಯಾಣಕ್ಕೆ ಮುನ್ನ ಒಂದು ಭಾನುವಾರವನ್ನು ಊರಿನ ಸುರಂಗಕ್ಕೆ ಎತ್ತಿಡುವುದು ಅಗತ್ಯ. ಮನೆಯವರ ಅನುಮತಿಯಿಲ್ಲದೆ, ಅನುಭವಸ್ಥರ ಜೊತೆಯಿಲ್ಲದೆ ಮಕ್ಕಳು ಒಳಹೋಗಲೇಬಾರದು. ಮಣ್ಣು ಕುಸಿಯುವ, ಹಾವುಗಳಿರುವ ಅಪಾಯ ಕಲ್ಪನೆಯದಲ್ಲ. ಬಾಯಿಯ ಬಳಿ ನಿಂತು, ಒಂದು ಲೀಟರಿನ ಪಾತ್ರೆ ತುಂಬಲು ಎಷ್ಟು ಸೆಕೆಂಡು ಹಿಡಿಯಿತೆಂದು ನೋಡಿ, ದಿನಕ್ಕೆ ಎಷ್ಟು ಲೀಟರ್ ನೀರು ಬರುತ್ತದೆಂದು ಗುಣಿಸಿದರೂ ಸಾಕಷ್ಟು ಪಾಠವಾಗುತ್ತದೆ.

ಕೃಷಿ ವಿಜ್ಞಾನದ ಆಸಕ್ತಿಯಿರುವ ಮಕ್ಕಳಿಗೆ 1916ರಲ್ಲಿ ತೆಂಗಿನ ಸಂಶೋಧನಾ ಕೇಂದ್ರವಾಗಿ ಆರಂಭವಾಗಿ 1970ರಲ್ಲಿ ಕೇಂದ್ರೀಯ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆಯಾದ ಕಾಸರಗೋಡಿನ ಸಿಪಿಸಿಆರ್‌ಐ ಇದೆ. 1930ರ ದಶಕದಲ್ಲಿ ನೀಲೇಶ್ವರದ ಕೇಂದ್ರದಲ್ಲಿ ಎತ್ತರದ ತಳಿ ಮತ್ತು ಗಿಡ್ಡ ತಳಿಗಳನ್ನು ಬೆರೆಸಿ ತೆಂಗಿನ ಮಿಶ್ರತಳಿ ಪಡೆದ ಪ್ರಯೋಗ ಜೀವಶಾಸ್ತ್ರದ ಪುಸ್ತಕದ ಆನುವಂಶಿಕತೆಯ ಅಧ್ಯಾಯಕ್ಕೆ ನೇರವಾಗಿ ಹೊಂದುತ್ತದೆ. ಸಾಹಿತ್ಯದ ಕಡೆಗೆ ಒಲವಿರುವವರಿಗೆ ಮಂಜೇಶ್ವರದ ಗೋವಿಂದ ಪೈ ಸ್ಮಾರಕ ‘ಗಿಳಿವಿಂಡು’ ಹತ್ತಿರ.

ಎಲ್ಲ ಸ್ಥಳಗಳೂ ಶೈಕ್ಷಣಿಕ ಪ್ರವಾಸದ ಪಟ್ಟಿಗೆ ಸೇರತಕ್ಕವಲ್ಲ ಎಂಬುದನ್ನೂ ಇಲ್ಲಿಯೇ ಹೇಳಬೇಕಾಗಿದೆ. ಪ್ಲಾಂಟೇಷನ್ ಕಾರ್ಪೊರೇಷನ್ನಿನ ಗೇರುತೋಟಗಳ ಮೇಲೆ 2000ದವರೆಗೆ ಎರಡು ದಶಕಗಳಿಗೂ ಹೆಚ್ಚು ಕಾಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದುದರ ನೋವನ್ನು ಈ ಜಿಲ್ಲೆಯ ಹಲವು ಗ್ರಾಮಗಳು ಇಂದಿಗೂ ಉಣ್ಣುತ್ತಿವೆ. 2011ರಲ್ಲಿ ಸುಪ್ರೀಂ ಕೋರ್ಟಿನ ಆದೇಶದಿಂದ ದೇಶದಲ್ಲಿ ಅದರ ಬಳಕೆ ನಿಂತಿತು. ಈ ಚರಿತ್ರೆಯನ್ನು ಮಕ್ಕಳು ಖಂಡಿತ ಕಲಿಯಬೇಕು, ಆದರೆ ಸಂತ್ರಸ್ತರ ಮನೆಗಳ ಮುಂದೆ ವಾಹನ ನಿಲ್ಲಿಸಿ, ಹಾಸಿಗೆ ಹಿಡಿದವರನ್ನು ತೋರಿಸಿ ಕಲಿಸಬಾರದು. ಪುಸ್ತಕ, ವರದಿಗಳನ್ನು ಓದಿಸಿ, ತೋಟದ ನಕ್ಷೆಯಲ್ಲಿ ಗಾಳಿ ಮತ್ತು ಹಳ್ಳಗಳ ದಿಕ್ಕನ್ನು ಗುರುತಿಸಿ, ವಿಷ ಹೇಗೆ ಹರಡೀತೆಂದು ವಿವರಿಸುವ ಅಧ್ಯಾಪಕರು ಇದನ್ನು ಹೆಚ್ಚು ಘನತೆಯಿಂದ ಕಲಿಸಬಲ್ಲರು.

ಇಷ್ಟೆಲ್ಲ ಮಾಡಿದರೂ ತಪ್ಪಿದ ತರಗತಿ ತಪ್ಪಿದ್ದೇ. ಇತಿಹಾಸ, ಭೂಗೋಳ, ಪರಿಸರ ಅಧ್ಯಯನಗಳ ವಿಷಯದಲ್ಲಿ ಪ್ರವಾಸ ಶಾಲೆಯ ಕೆಲಸವನ್ನು ಒಂದು ಮಟ್ಟಿಗೆ ತುಂಬಿಕೊಡಬಲ್ಲದು. ಗಣಿತ ಮತ್ತು ಭಾಷೆಗಳ ಮಾತು ಹಾಗಲ್ಲ. ಅವು ಏಣಿಯ ಮೆಟ್ಟಿಲುಗಳಂತೆ ಒಂದರ ಮೇಲೊಂದು ನಿಂತಿರುವುದರಿಂದ, ದಶಮಾಂಶದ ಪರಿಚಯವಾಗುವ ವಾರದಲ್ಲಿ ಗೈರಾದ ಮಗುವಿಗೆ ಮುಂದಿನ ತಿಂಗಳ ಶೇಕಡಾವಾರು ಲೆಕ್ಕ ಕಬ್ಬಿಣದ ಕಡಲೆಯಾಗುತ್ತದೆ, ಮತ್ತು ಕಾರಣ ಪ್ರವಾಸವೆಂಬುದು ಆ ಹೊತ್ತಿಗೆ ಯಾರಿಗೂ ನೆನಪಿರುವುದಿಲ್ಲ. ಕೇರಳದಲ್ಲಿ ಮೊದಲ ಅವಧಿಯ ಪರೀಕ್ಷೆ ಓಣಂ ರಜೆಗೆ ಮುನ್ನ, ಎರಡನೆಯದು ಕ್ರಿಸ್‌ಮಸ್ ರಜೆಗೆ ಮುನ್ನ ನಡೆಯುವುದರಿಂದ, ಜುಲೈ ಮತ್ತು ಆಗಸ್ಟ್ ತಿಂಗಳುಗಳ ದೀರ್ಘ ಗೈರು ದಸರೆಯ ನಾಲ್ಕೈದು ದಿನಗಳ ಗೈರಿಗಿಂತ ಬಹಳ ಹೆಚ್ಚು ಹಾನಿಕರ. ವರ್ಷದ ಅಡಿಪಾಯ ಬೀಳುವುದು ಆಗಲೇ. ಆಯ್ಕೆ ಕೈಯಲ್ಲಿದ್ದರೆ ಪ್ರಯಾಣವನ್ನು ಪರೀಕ್ಷೆ ಮುಗಿದ ಬೆನ್ನಿಗೆ, ಓಣಂ ರಜೆಗೆ ಅಂಟಿಕೊಂಡಂತೆ ಇಟ್ಟುಕೊಳ್ಳುವುದು ಜಾಣತನ.

ಹೊರಡುವ ಒಂದು ವಾರ ಮೊದಲು ತಂದೆಯೋ ತಾಯಿಯೋ ಶಾಲೆಗೆ ಹೋಗಿ, ತರಗತಿ ಅಧ್ಯಾಪಕಿಯ ಬಳಿ ‘ಟೀಚರೇ, ಈ ದಿನಗಳಲ್ಲಿ ಯಾವ ಪಾಠ ಆಗಬಹುದು?’ ಎಂದು ಕೇಳಿ ಬರೆದುಕೊಳ್ಳುವುದು ಸಣ್ಣ ಕೆಲಸದಂತೆ ಕಂಡರೂ ಅರ್ಧ ತೊಂದರೆ ಅಲ್ಲಿಯೇ ನೀಗುತ್ತದೆ. ಜ್ವರವೆಂದು ಸುಳ್ಳು ಚೀಟಿ ಬರೆದು ಕಳುಹಿಸುವ ಪದ್ಧತಿ ಎಲ್ಲಕ್ಕಿಂತ ಕೆಟ್ಟದ್ದು. ಅದರಿಂದ ಅಧ್ಯಾಪಕರ ನೆರವೂ ತಪ್ಪುತ್ತದೆ, ಹೆತ್ತವರೇ ಸುಳ್ಳು ಹೇಳುವುದನ್ನು ಮಗು ಪಕ್ಕದಲ್ಲಿ ನಿಂತು ನೋಡುತ್ತದೆ, ಮತ್ತು ಕಂಡದ್ದನ್ನು ತರಗತಿಯಲ್ಲಿ ಹೇಳಿಕೊಳ್ಳುವ ಸಂತೋಷವನ್ನೂ ಕಳೆದುಕೊಳ್ಳುತ್ತದೆ. ಕೋವಿಡ್ ಕಾಲದಲ್ಲಿ, 2020ರ ಜೂನ್ 1ರಂದು ಕೇರಳ ಸರಕಾರ ವಿಕ್ಟರ್ಸ್ ವಾಹಿನಿಯ ಮೂಲಕ ಆರಂಭಿಸಿದ ‘ಫಸ್ಟ್ ಬೆಲ್’ ಕಾರ್ಯಕ್ರಮದ ಅಂಗವಾಗಿ ಕನ್ನಡ ಮಾಧ್ಯಮದ ಪಾಠಗಳೂ ತಯಾರಾದವು. ಪಠ್ಯಪುಸ್ತಕಗಳು ಈಚೆಗೆ ಬದಲಾಗಿರುವುದರಿಂದ ಅವನ್ನು ಹಾಗೆಯೇ ನೆಚ್ಚಿಕೊಳ್ಳುವಂತಿಲ್ಲವಾದರೂ, ತಪ್ಪಿದ ಪಾಠವನ್ನು ಧ್ವನಿ ಚಿತ್ರಗಳ ಮೂಲಕ ಮನೆಯಲ್ಲಿ ತುಂಬಿಕೊಳ್ಳುವುದು ಈ ಪೀಳಿಗೆಗೆ ಹೊಸದಲ್ಲ. ಹಿಂದಿರುಗಿದ ಮೊದಲ ವಾರ ದಿನಕ್ಕೊಂದು ಗಂಟೆಯನ್ನು ಗಣಿತಕ್ಕೆಂದೇ ತೆಗೆದಿಡುವ ಮನೆಯಲ್ಲಿ ನಷ್ಟ ಬೇಗ ತೀರುತ್ತದೆ.

ಪ್ರಯಾಣದಲ್ಲಿ ಪುಸ್ತಕದ ಹೊರೆ ಹೊರಿಸುವುದು ಮಾತ್ರ ಸಲ್ಲದು. ಬಸ್ಸಿನಲ್ಲಿ ಮಗ್ಗಿ ಕೇಳುವ, ದೇವಾಲಯದ ಮುಂದೆ ಇಸವಿ ಕೇಳುವ, ಉತ್ತರ ತಪ್ಪಿದರೆ ಗದರುವ ತಂದೆತಾಯಿಯರು ಪ್ರವಾಸವನ್ನೂ ಟ್ಯೂಷನ್ ಮಾಡಿಬಿಡುತ್ತಾರೆ. ದಿನಕ್ಕೆ ಒಂದೇ ಪ್ರಶ್ನೆ, ಒಂದೇ ಪುಟ ಸಾಕು. ಉಳಿದ ಹೊತ್ತು ಮಗುವಿನದು. ಸಣ್ಣವರಿಗೆ ಚಿತ್ರ ಬಿಡಿಸುವ, ಪೈರು ಮರಗಳ ಹೆಸರು ಕೇಳುವ ಕೆಲಸ ಒಪ್ಪುತ್ತದೆ. ಹತ್ತು ವರ್ಷ ದಾಟಿದವರಿಗೆ ಪ್ರಯಾಣದ ಖರ್ಚಿನ ಲೆಕ್ಕವನ್ನೇ ಒಪ್ಪಿಸಬಹುದು. ಕಾಸರಗೋಡಿನಿಂದ ಹೆಚ್ಚು ದೂರವಲ್ಲದ ಪುತ್ತೂರಿನಲ್ಲಿ ಮಕ್ಕಳಿಗಾಗಿ ‘ಬಾಲವನ’ ಕಟ್ಟಿ, 1930ರ ದಶಕದಲ್ಲಿಯೇ ಮೂರು ಸಂಪುಟಗಳ ‘ಬಾಲಪ್ರಪಂಚ’ವನ್ನು ಕನ್ನಡದಲ್ಲಿ ರಚಿಸಿದ ಶಿವರಾಮ ಕಾರಂತರ ಕೆಲಸದ ಹಿಂದೆ ಇದ್ದದ್ದು ಮಗುವಿನ ಕುತೂಹಲವೇ ಕಲಿಕೆಯ ಮೂಲ ಬಂಡವಾಳ ಎಂಬ ನಂಬಿಕೆ. ಆ ಕುತೂಹಲ ಬತ್ತುವಂತೆ ಮಾಡುವ ಪ್ರವಾಸಕ್ಕಿಂತ ಶಾಲೆಯ ಬೆಂಚೇ ಮೇ‌ಲು.

ಹಣದ ಮಾತನ್ನು ಬಿಟ್ಟು ಈ ಚರ್ಚೆ ಪೂರ್ಣವಾಗದು. ಕೊಲ್ಲಿಗಾಗಲಿ ಕೆಳದಿಗಾಗಲಿ ಹೋಗಲಾಗದ ಮನೆಗಳು ಜಿಲ್ಲೆಯಲ್ಲಿ ಬಹಳ ಇವೆ, ಮತ್ತು ಸಹಪಾಠಿಯ ಪ್ರವಾಸದ ಫೋಟೊಗಳನ್ನು ನೋಡುತ್ತ ಕುಳಿತ ಮಗುವಿಗೆ ಅದೊಂದು ಕೊರಗಾಗಿ ಉಳಿಯಬಾರದು. ಸಮುದ್ರಮಟ್ಟದಿಂದ ಸುಮಾರು 1000 ಅಡಿ ಎತ್ತರದ ಪೊಸಡಿಗುಂಪೆ ಗುಡ್ಡವನ್ನು ಒಂದು ಶನಿವಾರ ಹತ್ತಿ, ಒಂದು ಕಡೆಗೆ ಅರಬ್ಬಿ ಸಮುದ್ರವನ್ನೂ ಇನ್ನೊಂದು ಕಡೆಗೆ ಘಟ್ಟಸಾಲನ್ನೂ ಒಂದೇ ನೋಟದಲ್ಲಿ ಕಂಡು, ಕರಾವಳಿಯ ನೆಲ ಎಷ್ಟು ಇಕ್ಕಟ್ಟಾದ ಪಟ್ಟಿ ಎಂಬುದನ್ನು ನಕ್ಷೆಯಲ್ಲಿ ಗುರುತಿಸಲು ಬಸ್ಸಿನ ಚಾರ್ಜಿಗಿಂತ ಹೆಚ್ಚೇನೂ ಬೇಡ. ಕೇರಳದ 44 ನದಿಗಳಲ್ಲಿ ಅತ್ಯಂತ ಗಿಡ್ಡದೆನಿಸಿದ, ಕೇವಲ 16 ಕಿಲೋಮೀಟರ್ ಉದ್ದದ ಮಂಜೇಶ್ವರ ಹೊಳೆಯನ್ನು ಮೂಲದ ಕಡೆಯಿಂದ ಅಳಿವೆಯವರೆಗೆ ಒಂದೆರಡು ದಿನಗಳಲ್ಲಿ ಹಿಂಬಾಲಿಸಬಹುದು. ಒಂದು ನದಿಯ ಆದಿ ಅಂತ್ಯಗಳನ್ನು ಹೀಗೆ ಒಟ್ಟಿಗೆ ನೋಡುವ ಅವಕಾಶ ಗಂಗೆಯ ತೀರದ ಮಗುವಿಗೂ ಇಲ್ಲ. ಇದಕ್ಕೆ ಶಾಲೆ ತಪ್ಪಿಸುವ ಪ್ರಮೇಯವೂ ಬರುವುದಿಲ್ಲ.

ಶಾಲೆಗಳ ಕಡೆಯಿಂದ ಆಗಬೇಕಾದ ಕೆಲಸವೊಂದು ಬಾಕಿಯಿದೆ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಶಾಲೆಯ ಜ್ಞಾನವನ್ನು ಹೊರಗಿನ ಬದುಕಿಗೆ ಜೋಡಿಸಬೇಕೆಂಬುದನ್ನು ತನ್ನ ಮೊದಲ ತತ್ವವಾಗಿ ಇರಿಸಿತ್ತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಆರರಿಂದ ಎಂಟನೆಯ ತರಗತಿಯವರಿಗೆ ಚೀಲವಿಲ್ಲದ ಹತ್ತು ದಿನಗಳನ್ನು ಸೂಚಿಸಿತು. ಕೇರಳದಲ್ಲಿ ಪರೀಕ್ಷೆಯ ಜೊತೆಗೆ ನಿರಂತರ ಮೌಲ್ಯಮಾಪನವೆಂಬ ಪದ್ಧತಿ, ಅಂದರೆ ವರ್ಷವಿಡೀ ಮಗು ಮಾಡುವ ಯೋಜನಾಕಾರ್ಯ, ಸೆಮಿನಾರ್, ಟಿಪ್ಪಣಿಗಳಿಗೆ ಅಂಕ ನೀಡುವ ಕ್ರಮ ಈಗಾಗಲೇ ಜಾರಿಯಲ್ಲಿದೆ. ಕಿಂಡಿಯ ಕೋನಗಳ ಚಿತ್ರ, ಸುರಂಗದ ನೀರಿನ ಲೆಕ್ಕ, ಅಜ್ಜನ ತೋಟದ ಸರಾಸರಿ ಇಳುವರಿ ಇರುವ ಟಿಪ್ಪಣಿ ಪುಸ್ತಕವನ್ನು ಅಧ್ಯಾಪಕರು ಈ ಮೌಲ್ಯಮಾಪನದ ಯೋಜನಾಕಾರ್ಯವಾಗಿ ಸ್ವೀಕರಿಸಲು ಹೊಸ ಆದೇಶವೇನೂ ಬೇಕಾಗಿಲ್ಲ. ದೂರ ಹೋಗಿಬಂದವರ ಪುಸ್ತಕಕ್ಕೂ ಮಂಜೇಶ್ವರ ಹೊಳೆಯ ದಂಡೆಯಲ್ಲಿ ನಡೆದವರ ಪುಸ್ತಕಕ್ಕೂ ಒಂದೇ ಅಳತೆಗೋಲನ್ನು ಬಳಸಿ, ಎಲ್ಲಿಗೆ ಹೋದರು ಎನ್ನುವುದನ್ನು ಬಿಟ್ಟು ಏನನ್ನು ಗಮನಿಸಿದರು ಎನ್ನುವುದಕ್ಕೆ ಅಂಕ ಕೊಡುವುದಾಗಿ ಜೂನ್ ತಿಂಗಳ ಮೊದಲ ಹೆತ್ತವರ ಸಭೆಯಲ್ಲಿಯೇ ತಿಳಿಸಿದರೆ, ರಜೆಯ ಅರ್ಜಿ ಹಿಡಿದು ಬರುವವರು ಪ್ರಯಾಣದ ದಿನಾಂಕಗಳ ಜೊತೆಗೆ ಮಗುವಿನ ಕೆಲಸವನ್ನೂ ಯೋಚಿಸಿಕೊಂಡೇ ಬರುತ್ತಾರೆ.